ಕೂಗದವನ ಸರದಿ

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕೋಡಿಬಾಗ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿದಾಗ ನೀರಿಗೆ ಬಿದ್ದದ್ದು ಒಂದೇ ಲಾರಿ, ಚಾಲಕ ಬದುಕಿದ. ಗಾಯಾಳು ಒಬ್ಬನೇ ಇದ್ದರೆ ಯಾರು ಮೊದಲು ಎಂಬ ಪ್ರಶ್ನೆ ಏಳದು. ಬಿದ್ದದ್ದು ತುಂಬಿದ ಬಸ್ಸಾಗಿದ್ದು, ದಡದಲ್ಲಿ ಆಂಬುಲೆನ್ಸ್ ಎರಡೇ ಇದ್ದಿದ್ದರೆ? ಆಗ ಬೇಕಾಗುವ, ಯಾರಿಗೆ ಮೊದಲು ನೆರವು ಎಂದು ವಿಂಗಡಿಸುವ ವಿದ್ಯೆಯೇ ಟ್ರಯಾಜ್. ಅದರ ಮೊದಲ ಮಾತೇ ಜಾಣತನದ್ದು: ‘ನಡೆಯಬಲ್ಲವರೆಲ್ಲ ಈಚೆ ಬನ್ನಿ.’ ಬಂದವರಿಗೆ ಹಸಿರು ಪಟ್ಟಿ, ಅವರು ಕಾಯಬಲ್ಲರು. ಉಳಿದವರ ಬಳಿ ಅರ್ಧ ನಿಮಿಷ ಕೂತರೆ ಸಾಕು: ಉಸಿರು ನಿಮಿಷಕ್ಕೆ 30 ಮೀರದೆ ಇದೆಯೇ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ, ‘ನನ್ನ ಕೈ ಅದುಮಿ’ ಎಂದರೆ ಅದುಮುತ್ತಾರೆಯೇ? ಒಂದು ತಪ್ಪಿದರೂ ಕೆಂಪು, ಅಂದರೆ ಮೊದಲ ಸರದಿ; ಮೂರೂ ಸರಿಯಿದ್ದರೆ ಹಳದಿ, ಅಂದರೆ ಅದರ ನಂತರದ ಸರದಿ. ಯಂತ್ರ ಬೇಡ, ಬೆರಳು ಸಾಕು. ಜೋರಾಗಿ ಅರಚುವವನಿಗೆ ಉಸಿರಿದೆ. ಸದ್ದಿಲ್ಲದೆ ಬಿದ್ದವನತ್ತ ಮೊದಲು ನೋಡಿಸುವುದೇ ಇದರ ಹೆಚ್ಚುಗಾರಿಕೆ.

ಗಂಟಲ ದಾರಿ ತೆರೆದರೂ ಉಸಿರಾಡದವರಿಗೆ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗುವುದು ಕ್ರೌರ್ಯವಲ್ಲವೇ ಎನ್ನುವವರಿದ್ದಾರೆ. ಆದರೆ ಅಲ್ಲೇ ಕೂತರೆ, ರಕ್ತ ಸೋರುವುದನ್ನು ತಡೆದಿದ್ದರೆ ಉಳಿಯುತ್ತಿದ್ದ ಪಕ್ಕದವನೂ ಹೋಗುತ್ತಾನೆ. ಪಟ್ಟಿಯೇನೂ ಹಣೆಬರಹವಲ್ಲ, ಮತ್ತೆ ಮತ್ತೆ ನೋಡಿ ಬಣ್ಣ ಬದಲಿಸಬೇಕು. ನನಗೆ ಇನ್ನೂ ಗಟ್ಟಿಯೆನಿಸುವ ಆಕ್ಷೇಪ ಬೇರೆ: ನೀರಲ್ಲಿ ಮುಳುಗಿದವರಿಗೆ ಕಪ್ಪು ಪಟ್ಟಿಯ ನಿಯಮ ಹಾಗೇ ಒಗ್ಗದು, ಬಾಯಿಗೆ ಉಸಿರೂದಿದರೆ ಮರಳುವವರಿದ್ದಾರೆ. ಹೊಳೆ ಕಡಲು ಸೇರುವ ಊರಿನಲ್ಲಿ ಹೀಗೆ ಉಸಿರೂದುವುದನ್ನು ದೋಣಿಯವರಿಗೇ ಮೊದಲು ಕಲಿಸಬೇಕು.