ತೂಕದ ಚೀಟಿಯಲ್ಲಿ ಕಾಣದ ಹೊಣೆ

ನವೆಂಬರ್ ಬಂತೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳಲ್ಲಿ ಕಬ್ಬು ಕಡಿಯುವ ಕೊಯ್ತಾದ ಸದ್ದು ಏಳುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಬದುಕೆಲ್ಲ ಮುಂದಿನ ನಾಲ್ಕು ತಿಂಗಳು ಕಬ್ಬಿನ ಹಿಂದೆ ಓಡುತ್ತದೆ. ಆ ದಿನಗಳಲ್ಲಿ ಹೊತ್ತು ಮುಳುಗಿದ ಮೇಲೆ ನಿಪ್ಪಾಣಿ–ಮುಧೋಳ ರಸ್ತೆಗೋ ಜತ್ತ–ಜಾಂಬೋಟಿ ರಸ್ತೆಗೋ ಬೈಕು ತಿರುಗಿಸುವ ಮಗನಿಗೆ ತಾಯಿ ಹೇಳುವುದು ಒಂದೇ ಮಾತು: ಕಬ್ಬಿನ ಟ್ರ್ಯಾಕ್ಟರ್ ನೋಡಿಕೊಂಡು ಹೋಗು.

ಕಾಲ ಕೆಟ್ಟಿತು, ಹುಡುಗರಿಗೆ ಮರ್ಯಾದೆ ತಿಳಿಯದು, ಯಾರಿಗೂ ಹೊಣೆ ಬೇಡವಾಗಿದೆ ಎಂದು ಕಟ್ಟೆಯ ಮೇಲೆ ಕೂತು ಮರುಗುವವರು ನಮ್ಮಲ್ಲಿ ಬಹಳ. ಆ ಮಾತು ಸುಳ್ಳಲ್ಲ. ಆದರೆ ಹೇಳಿದವರಿಗೆ ಅದರಿಂದ ಯಾವ ಕೆಲಸವೂ ಬೀಳುವುದಿಲ್ಲ. ಸಭ್ಯತೆಯೂ ವಿವೇಕವೂ ಎಲ್ಲಿ ಸೋತವೆಂದು ತಿಳಿಯಬೇಕಾದರೆ ಊರೆಲ್ಲ ಸೇರಿ ಮಾಡುವ ಒಂದು ಕೆಲಸವನ್ನು ಹಿಡಿದು ನೋಡಬೇಕು. ಈ ಸೀಮೆಯಲ್ಲಿ ಅಂಥ ಕೆಲಸವೆಂದರೆ ಕಬ್ಬು ಸಾಗಣೆ.

ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಎರಡೂ ಸೇರಿ 20 ಟನ್ ದಾಟುವುದು ಮಾಮೂಲು. ಕಬ್ಬಿನ ತುದಿಗಳು ಟ್ರೇಲರಿನ ಎರಡೂ ಬದಿಗೆ ಚಾಚಿ ಅರ್ಧ ರಸ್ತೆ ತಿನ್ನುತ್ತವೆ. ಹಿಂದಿನ ದೀಪ ಇರುವುದಿಲ್ಲ, ಇದ್ದರೂ ಉರಿಯುವುದಿಲ್ಲ. ಹಂಗಾಮು ಶುರುವಾಗುವಾಗ ಫೋಟೊ ತೆಗೆಸಿಕೊಂಡು ಅಂಟಿಸಿದ ರಿಫ್ಲೆಕ್ಟರ್ ಪಟ್ಟಿ ವಾರದೊಳಗೆ ಧೂಳಿನಲ್ಲಿ ಮುಚ್ಚಿಹೋಗುತ್ತದೆ, ಇಲ್ಲವೇ ಜೋತುಬಿದ್ದ ಕಬ್ಬಿನ ರವದಿಯ ಹಿಂದೆ ಅಡಗುತ್ತದೆ. ಏರಿನಲ್ಲಿ ಮುಂದಿನ ಗಾಲಿ ನೆಲ ಬಿಡುತ್ತದೆ. ಇಷ್ಟು ಸಾಲದೆಂಬಂತೆ ಚಾಲಕನ ತಲೆಯ ಮೇಲೆ ಕಟ್ಟಿದ ಸ್ಪೀಕರುಗಳು ಒದರುತ್ತಿರುತ್ತವೆ. ಹಿಂದಿನ ಆಂಬುಲೆನ್ಸಿನ ಸೈರನ್ ಅವನಿಗೆ ಕೇಳುವುದೇ ಇಲ್ಲ. ಗಾಲಿ ಪಂಕ್ಚರ್ ಆದರೆ ಟ್ರೇಲರನ್ನು ನಡುದಾರಿಯಲ್ಲೇ ಬಿಟ್ಟು ಹೋಗುತ್ತಾರೆ. ಕತ್ತಲಲ್ಲಿ ಅದರ ಹಿಂದೆ ನಾಲ್ಕು ಕಲ್ಲು ಇಟ್ಟರೆ ಎಚ್ಚರಿಕೆ ಕೊಟ್ಟಂತಾಯಿತು. ಬೆಳಿಗ್ಗೆ ಕಲ್ಲುಗಳು ಅಲ್ಲೇ ಉಳಿದಿರುತ್ತವೆ, ಮತ್ತೊಬ್ಬ ಬೈಕ್ ಸವಾರನಿಗಾಗಿ.

ಬಯ್ಯುವುದಾದರೆ ಚಾಲಕನನ್ನು ಬಯ್ಯುವುದು ಸುಲಭ. ಆ ಹುಡುಗನಿಗೆ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು. ಬಾಡಿಗೆ ಬರುವುದು ಟನ್ನಿನ ಮೇಲೆ, ದೂರದ ಮೇಲೆ. ಹೆಚ್ಚು ಹೇರಿದಷ್ಟೂ ಟ್ರ್ಯಾಕ್ಟರಿನ ಸಾಲದ ಕಂತು ಬೇಗ ಕಟ್ಟಬಹುದು. ಕಾರ್ಖಾನೆಯ ಅಂಗಳದಲ್ಲಿ ಸರತಿಗೆ ನಿಂತು ರಾತ್ರಿ ಕಳೆದವನು ಖಾಲಿ ಮಾಡಿಕೊಂಡು ಮತ್ತೆ ಹೊಲಕ್ಕೆ ಓಡುತ್ತಾನೆ. ಹಾಡು ಜೋರಾಗಿ ಹಚ್ಚುವುದು ನಿದ್ದೆ ಬಾರದಿರಲೆಂದು ಎನ್ನುತ್ತಾನೆ. ನಿದ್ದೆಗೆಟ್ಟವನ ಕೈಗೆ 20 ಟನ್ ಕೊಟ್ಟು ಕಳಿಸಿದವರು ಯಾರು ಎಂದು ನಾವು ಕೇಳುವುದಿಲ್ಲ.

ಕೇಳಿದರೆ ಎಲ್ಲರ ಬಳಿಯೂ ಒಂದು ಕಾರಣವಿದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಬೇಗ ಹೋದರೆ ಸಾಕು ಎನ್ನುವುದು ರೈತನ ಮಾತು. ಕಬ್ಬು ಕಡಿಯುವ ಗ್ಯಾಂಗಿಗೆ ಲಗಾಣಿ ಎಂದು ಮೇಲುಹಣ ಕೊಟ್ಟು ಅವನು ಮೊದಲೇ ಸೋತಿರುತ್ತಾನೆ. ಮುಂಗಡದ ಲೆಕ್ಕ ತೀರಬೇಕು ಎನ್ನುತ್ತಾನೆ ಗ್ಯಾಂಗಿನ ಮುಕಾದಮ. ಗಾಣ ನಿಲ್ಲುವಂತಿಲ್ಲ ಎನ್ನುತ್ತದೆ ಕಾರ್ಖಾನೆ. ರೈತರ ಗಾಡಿ ಹಿಡಿದರೆ ಗದ್ದಲವಾಗುತ್ತದೆ ಎನ್ನುತ್ತಾರೆ ಪೊಲೀಸರು. ಒಂದೊಂದೂ ನಿಜ. ಅಷ್ಟೂ ನಿಜಗಳನ್ನು ಕೂಡಿಸಿದರೆ ರಸ್ತೆಯ ಮೇಲೆ ಒಂದು ಹೆಣ ಬೀಳುತ್ತದೆ, ಅದಕ್ಕೆ ಮಾತ್ರ ಯಾರೂ ಕಾರಣರಲ್ಲ. ನಮ್ಮ ಕಾಲದ ಕೇಡು ನನಗೆ ಕಾಣುವುದು ಇಲ್ಲಿ. ಕೆಟ್ಟ ಮನುಷ್ಯರು ಹೆಚ್ಚಾದರೆಂದು ನಾನು ನಂಬುವುದಿಲ್ಲ. ಹೊಣೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾರ ಕೈಯಲ್ಲೂ ಭಾರವೆನಿಸದಂತೆ ಹಂಚಿಕೊಂಡಿದ್ದೇವೆ.

ಕಾನೂನು ಇಷ್ಟು ಮೆತ್ತಗಿಲ್ಲ. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮು 2019ರ ತಿದ್ದುಪಡಿಯ ನಂತರ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಹೇಳುತ್ತದೆ. ಬದಿಗೆ, ಹಿಂದಕ್ಕೆ, ಎತ್ತರಕ್ಕೆ ಮಿತಿ ಮೀರಿ ಚಾಚಿದ ಹೇರಿಗೂ 20,000. ಓಡಿಸಿದವನ ಜೊತೆಗೆ ಓಡಿಸಲು ಹಚ್ಚಿದವನನ್ನೂ ಓಡಿಸಲು ಬಿಟ್ಟವನನ್ನೂ ಅದೇ ಕಲಮು ಹಿಡಿಯುತ್ತದೆ. ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಗಿಯೂ ಇಲ್ಲ. ಪ್ರತಿ ಗಾಡಿಯ ತೂಕ ಕಾರ್ಖಾನೆಯ ಕಾಟಾದಲ್ಲೇ ಅಚ್ಚಾಗುತ್ತದೆ. ಗಾಡಿ ನಂಬರು, ದಿನಾಂಕ, ಹೊತ್ತು, ಟನ್ನು, ಎಲ್ಲವೂ ಆ ಚೀಟಿಯಲ್ಲಿವೆ. ದಿನಕ್ಕೆ ನೂರಾರು ಸಲ ತಪ್ಪು ದಾಖಲಾಗುತ್ತದೆ, ಆ ದಾಖಲೆಯ ಮೇಲೆಯೇ ಹಣ ಪಾವತಿಯಾಗುತ್ತದೆ. ಹೊಲ ಬಿಡುವ ಮುನ್ನ ತಡೆಯದ, ಗೇಟಿನಲ್ಲಿ ತಿರುಗಿ ಕಳಿಸದ ಈ ವ್ಯವಸ್ಥೆಯನ್ನು ಅಜಾಗರೂಕತೆ ಎಂದು ಕರೆದು ಬಿಟ್ಟುಬಿಡಲು ನನಗೆ ಮನಸ್ಸಾಗದು. ತಿಳಿದೇ ನಡೆಯುತ್ತಿರುವ ಅನ್ಯಾಯ ಇದು.

ಈ ನೆಲದ ಜನಕ್ಕೆ ಒಗ್ಗಟ್ಟಿನ ಹೊಣೆ ಗೊತ್ತಿಲ್ಲವೆಂದು ಹೇಳುವಂತಿಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ನ್ಯಾಯದ ಬೆಲೆಗಾಗಿ ವಾರಗಟ್ಟಲೆ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಸತ್ತರು. 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕುಳಿತ ಕಬ್ಬು ಬೆಳೆಗಾರರು ಟನ್ನಿಗೆ 3,300 ರೂಪಾಯಿ ದರ ಒಪ್ಪಿಸಿಕೊಂಡೇ ಎದ್ದರು. ಕಬ್ಬು ಕೊಟ್ಟ 14 ದಿನದಲ್ಲಿ ಹಣ, ತಡವಾದರೆ ಶೇ. 15 ಬಡ್ಡಿ ಎಂಬ ನಿಯಮ ಇಲ್ಲಿಯ ಸಾಮಾನ್ಯ ರೈತನ ಬಾಯಲ್ಲೂ ಇದೆ. ಆದರೆ 2025ರ ಅದೇ ನವೆಂಬರ್ 13ರಂದು, ದರದ ಹೋರಾಟದ ನಡುವೆ, ನೆರೆಯ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರೇಲರುಗಳು ಬೆಂಕಿಗೆ ಬಿದ್ದವು. ಸುಟ್ಟದ್ದು ರೈತನೇ ಬೆಳೆದ ಕಬ್ಬು. ಹಕ್ಕಿನ ತಿಳಿವಳಿಕೆ ಬೆಳೆದಷ್ಟು ವೇಗವಾಗಿ ವಿವೇಕ ಬೆಳೆಯಲಿಲ್ಲ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಕಬ್ಬು ಕಡಿಯುವವರ ಮಾತನ್ನೂ ಬಿಡುವಂತಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ಜತ್ತ ಕಡೆಯಿಂದ ಕೂಸುಗಳನ್ನು ಕಟ್ಟಿಕೊಂಡು ಬರುವ ಹೆಂಗಸರು ಹೊಲದಂಚಿನ ಗುಡಿಸಲಲ್ಲಿ ನಾಲ್ಕು ತಿಂಗಳು ಕಳೆಯುತ್ತಾರೆ. ಕಬ್ಬಿನ ಮೋಳಿ ಹೊತ್ತು ಹಲಗೆ ಏರಿ ಈ ಟ್ರೇಲರ್ ತುಂಬುವವರು ಅವರೇ. ಹೇರು ಎತ್ತರವಾದಷ್ಟೂ ಅವರು ಏರುವ ಹಲಗೆ ಕಡಿದಾಗುತ್ತದೆ. ಕಾಲು ಜಾರಿದರೆ ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಗೂ ಉತ್ತರ ಅದೇ: ಯಾರೂ ಇಲ್ಲ.

ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಖಾಸಗಿ ಕಂಪನಿಯ ಸಕ್ಕರೆ ಕಾರ್ಖಾನೆಯಿದೆ. ಖಾಸಗಿ ಕಾರ್ಖಾನೆಯನ್ನು ತಿದ್ದಲು ಸರ್ಕಾರವೇ ಬೇಕೆಂದು ಹೇಳಬಹುದು. ಆದರೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಇವೆಲ್ಲ ಸಹಕಾರಿ ಸಂಸ್ಥೆಗಳಾಗಿ ಹುಟ್ಟಿದವು. ಅವುಗಳ ಷೇರುದಾರ ರೈತರೇ ಒಡೆಯರು. ಅಲ್ಲಿ ಬೆರಳು ತೋರಿಸಲು ಬೇರೆ ಯಾರೂ ಇಲ್ಲ.

ಆದ್ದರಿಂದ ಷೇರುದಾರ ಬಂಧುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ವಾರ್ಷಿಕ ಸಭೆಯಲ್ಲಿ ದರದ ಮಾತು ಆಡಿ, ಬಾಕಿಯ ಮಾತು ಆಡಿ. ಅದರ ಜೊತೆಗೆ ಎದ್ದು ನಿಂತು ಒಂದು ಠರಾವು ಮಂಡಿಸಿ: ಮಿತಿ ಮೀರಿದ ತೂಕಕ್ಕೆ ಬಾಡಿಗೆ ಕೊಡಬಾರದು, ಹಿಂದಿನ ದೀಪವಿಲ್ಲದ ಟ್ರೇಲರನ್ನು ಗೇಟಿನಿಂದ ಹೊರಗೆ ಬಿಡಬಾರದು.