ಗರಗದ ಹೊಲದಿಂದ ಹೆಸ್ಕಾಂನ ಹಸಿರು ವಿದ್ಯುತ್ತು

2002ರಲ್ಲಿ ಹುಟ್ಟಿದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಕರೆಂಟು ಕೊಡುತ್ತದೆ. ಗಾಳಿಗೆ ಕಪ್ಪತಗುಡ್ಡ, ನೀರಿಗೆ ಕಾಳಿ ನದಿ, ಬಿಸಿಲಿಗೆ ವಿಜಯಪುರದ ಬಯಲು ಎಲ್ಲವೂ ಇದರ ಸೀಮೆಯೊಳಗೇ ಇವೆ. ಆದರೆ ಧಾರವಾಡ ತಾಲೂಕಿನ ಗರಗದಂಥ ಊರಿನಲ್ಲಿ ಬೋರಿನ ನೀರು ನಂಬಿದ ರೈತನಿಗೆ ಮೆಗಾವ್ಯಾಟಿನ ಲೆಕ್ಕದಿಂದ ಏನೂ ಆಗಬೇಕಿಲ್ಲ. ತ್ರೀ ಫೇಸ್ ಎಷ್ಟೊತ್ತಿಗೆ ಬರುತ್ತದೆ ಎಂಬುದೇ ಅವನ ಪ್ರಶ್ನೆ. ಹೆಸ್ಕಾಂನ ಹಸಿರು ಕೆಲಸವನ್ನು ನಾನು ಆ ಪ್ರಶ್ನೆಯಿಂದಲೇ ತೂಗುತ್ತೇನೆ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ದಿನಕ್ಕೆ 7 ತಾಸು. ರಾತ್ರಿ ಪಾಳಿ ಬಿದ್ದರೆ ಕೈಯಲ್ಲಿ ಬ್ಯಾಟರಿ, ಬಡಿಗೆ ಹಿಡಿದು ಹೊಲಕ್ಕೆ ಹೋಗಬೇಕು. ಅದು ತಪ್ಪಲೆಂದು ಕರೆಂಟು ಬಂದೊಡನೆ ಮೋಟರು ತಾನೇ ಶುರುವಾಗುವಂತೆ ಸ್ಟಾರ್ಟರಿಗೆ ಆಟೋ ಹಾಕಿಸಿದವರೇ ಹೆಚ್ಚು. ಲೈನು ಬಂದ ಕ್ಷಣ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೋಟರುಗಳೆಲ್ಲ ಒಮ್ಮೆಲೇ ಎಳೆಯುತ್ತವೆ, ವೋಲ್ಟೇಜು ಕುಸಿಯುತ್ತದೆ, ಟಿಸಿ ಸುಡುತ್ತದೆ. ಹೊಸ ಟಿಸಿ ಬರುವತನಕ ಬೆಳೆ ಬಾಡುತ್ತದೆ.

2023ರ ಬರದಲ್ಲಿ ಈ ಸಂಕಟ ಬೀದಿಗೆ ಬಂತು. ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್ಟಿನ ಬೇಡಿಕೆ ಏರಿತು, 7 ತಾಸು 5ಕ್ಕೆ ಇಳಿಯಿತು. ಆ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹೇರಿ ಹೆಸ್ಕಾಂ ಉಪಕೇಂದ್ರಕ್ಕೇ ತಂದರು. ರಾತ್ರಿ ನೀರು ಹಾಯಿಸುವವನ ಜೀವಭಯವನ್ನು ಇದಕ್ಕಿಂತ ನೇರವಾಗಿ ಯಾವ ಮನವಿಪತ್ರವೂ ಹೇಳಲಾರದು. ಗಾಳಿಯಂತ್ರಗಳು ಆ ಕೊರತೆ ತುಂಬಲಾರವು. ಅವು ಜೋರಾಗಿ ತಿರುಗುವುದು ಮುಂಗಾರಿನಲ್ಲಿ, ಮೋಟರು ಬೇಕಾಗುವುದು ಮಳೆ ಕೈಕೊಟ್ಟಾಗ, ಹಿಂಗಾರಿನಲ್ಲಿ, ಬೇಸಿಗೆಯಲ್ಲಿ.

ಬಿಸಿಲಿಗೂ ನೀರಾವರಿಗೂ ಹೊತ್ತು ಕೂಡಿಬರುತ್ತದೆ. ಹಾಗಾಗಿಯೇ ಕುಸುಮ್-ಸಿ ಯೋಜನೆ ನನಗೆ ಹೆಸ್ಕಾಂ ಕೈಯಲ್ಲಿರುವ ಅತ್ಯಂತ ಸರಿಯಾದ ಕೆಲಸವೆನಿಸುತ್ತದೆ. ಉಪಕೇಂದ್ರದ ಆಸುಪಾಸಿನಲ್ಲೇ ಸೌರಘಟಕ ಹಾಕಿ, ಕೃಷಿಗೆಂದು ಬೇರ್ಪಡಿಸಿದ ಫೀಡರಿಗೆ ಹಗಲಿನಲ್ಲೇ ವಿದ್ಯುತ್ ಹರಿಸುವುದು ಇದರ ಬಗೆ. ದೂರದಿಂದ ತರುವಾಗಿನ ಸೋರಿಕೆ ಇಲ್ಲ, ವೋಲ್ಟೇಜು ಗಟ್ಟಿ. ಆದರೆ ಒಂದು ಮೆಗಾವ್ಯಾಟಿಗೆ ಸುಮಾರು 4 ಎಕರೆ ಬೇಕು. ಗರಗದ ಸುತ್ತಿನ ಎರೆಭೂಮಿ ಹತ್ತಿ, ಜೋಳ, ಕಡಲೆ ಬೆಳೆಯುವ ನೆಲ. ಅದಕ್ಕೆ ಕೈಹಾಕದೆ ಮೊದಲು ಸರ್ಕಾರಿ ಪಾಳುಜಾಗ ಹುಡುಕಬೇಕು.

ಹೆಸ್ಕಾಂ ಹಿಂದೆ ಬಿದ್ದಿರುವುದು ಚಾವಣಿ ಸೌರದಲ್ಲಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ ನಿಜ. ಆದರೆ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವ ಹಳ್ಳಿಮನೆ ಅದಕ್ಕಾಗಿ ಸಾಲ ಏಕೆ ಮಾಡೀತು? ಇಂಥ ಮನೆಗಳಿಗೆ ಪ್ರಚಾರ ಮಾಡುವುದು ವ್ಯರ್ಥ. ಬಿಲ್ಲಿನ ಭಾರ ಹೊತ್ತವರು ಗ್ರಾಮ ಪಂಚಾಯ್ತಿಗಳು: ಕುಡಿಯುವ ನೀರಿನ ಪಂಪು, ಬೀದಿದೀಪ. ರಾಷ್ಟ್ರಧ್ವಜದ ಖಾದಿ ನೇಯ್ದು ಹೆಸರಾದ ಗರಗದಲ್ಲಿ ಖಾದಿ ಕೇಂದ್ರ, ಶಾಲೆ, ಪಂಚಾಯ್ತಿ ಕಟ್ಟಡದ ಮೇಲೆ ಸೌರ ಹಲಗೆ ಕೂಡಿಸುವ ಕೆಲಸ ಮೊದಲಾಗಬೇಕಿತ್ತು.

ಕಂಪನಿಗೆ ನನ್ನ ಕೋರಿಕೆ ಒಂದೇ. ಯಾವ ಕೃಷಿ ಫೀಡರಿಗೆ ಕಳೆದ ತಿಂಗಳು ಹಗಲಿನಲ್ಲಿ ಎಷ್ಟು ತಾಸು ತ್ರೀ ಫೇಸ್ ಕೊಟ್ಟೆವು ಎಂಬುದನ್ನು ಪ್ರತಿ ಶಾಖಾ ಕಚೇರಿಯ ಮುಂದೆ ಕನ್ನಡದಲ್ಲಿ ಬರೆದು ಹಾಕಲಿ.