ಎರಡು ಬೆರಳು ದೊಡ್ಡದಿರಲಿ

ನಮ್ಮ ಕಳಸದ ಕಡೆ ಮಕ್ಕಳಿಗೆ ಏನು ಕೊಂಡರೂ ಎರಡು ಬೆರಳು ದೊಡ್ಡದನ್ನೇ ಕೊಳ್ಳೋದು. ಸ್ಕೂಲು ಶುರುವಾಗೋ ಮೊದಲು ತಂದ ರೇನ್‌ಕೋಟು ಮೊದಲ ವರ್ಷ ಪಾದ ಮುಚ್ಚುತ್ತೆ, ಎರಡನೇ ವರ್ಷ ಮೊಣಕಾಲಿಗೆ ಬರುತ್ತೆ, ಮೂರನೇ ವರ್ಷ ತಮ್ಮನ ಪಾಲಾಗುತ್ತೆ. ಗಂಬೂಟಿನ ತುದಿಗೆ ಹಳೇ ಪೇಪರ್ ತುರುಕಿಕೊಂಡು, ಇಂಬಳ ಕಚ್ಚಿಸಿಕೊಂಡು ತೋಟ ದಾಟಿ ಸ್ಕೂಲಿಗೆ ಹೋದವನು ನಾನು. ಇದು ಜಿಪುಣತನ ಅಲ್ಲ. ವರ್ಷಕ್ಕೊಮ್ಮೆ ಕಾಫಿ ದುಡ್ಡು ಕಾಣೋ ಮನೆಗಳ ಲೆಕ್ಕಾಚಾರ. ಈ ಲೆಕ್ಕ ತಪ್ಪೋ ಜಾಗವೂ ಒಂದಿದೆ ಅಂತ ಗೊತ್ತಾಗಿದ್ದು ಈ ಬೇಸಿಗೆ ರಜೆಯಲ್ಲಿ. ಆ ಜಾಗ ನೀರಿನ ಒಳಗಿದೆ.

ಮಗಳಿಗೆ ಹತ್ತು ತುಂಬಿತು. ಸ್ಕೂಬಾ ಡೈವಿಂಗ್ ಕಲೀಬೇಕು ಅಂತ ಅವಳದು ಎರಡು ವರ್ಷದ ಹಠ. ಡೈವಿಂಗ್ ಕಲಿಸೋ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿಯ ಜೂನಿಯರ್ ಕೋರ್ಸಿಗೆ ಸೇರೋಕೆ ಕನಿಷ್ಠ 10 ವರ್ಷ ಆಗಿರಬೇಕು. 10–11 ವರ್ಷದವರು 12 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ. ಕರ್ನಾಟಕದಲ್ಲಿ ಡೈವಿಂಗ್ ಅಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗೋ ನೇತ್ರಾಣಿ ದ್ವೀಪ. ಮಳೆಗಾಲ ಬಂದರೆ ಅದೂ ಬಂದ್. ಹಾಗಾಗಿ ಮೇ ತಿಂಗಳೊಳಗೆ ಹೋಗಿಬರೋಣ ಅಂತ ಬೆಂಗಳೂರಿನ ಮನೆಯಲ್ಲಿ ಕೂತು 'ಮಕ್ಕಳ ಡೈವಿಂಗ್ ಸೆಟ್' ಒಂದನ್ನು, ಜೊತೆಗೊಂದು ವೆಟ್‌ಸೂಟನ್ನು ಆರ್ಡರ್ ಮಾಡಿದೆ. ಸೈಜು ಕೇಳಿದಾಗ ಕೈ ತಾನಾಗೇ 12–14 ಒತ್ತಿತು. ಫೋನಲ್ಲಿದ್ದ ಅಮ್ಮನೂ ಅದನ್ನೇ ಹೇಳಿದ್ದಳು, "ಬೆಳಿಯೋ ಹುಡುಗಿ ಮಾರಾಯ, ದೊಡ್ಡದೇ ತಗೋ."

ಊರಿಗೆ ಬಂದವರೇ ತೋಟದ ಕೆರೆಯಲ್ಲಿ ಟ್ರಯಲ್ ನೋಡಿದೆವು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಸಿ ನೀರು ಇಳಿದಿತ್ತು, ಅವಳ ಎದೆಮಟ್ಟ ಇದ್ದಿರಬೇಕು. ಮುಳುಗಿದಳು, ಮಾಸ್ಕಿನೊಳಗೆ ನೀರು. ಪಟ್ಟಿ ಬಿಗಿ ಮಾಡಿದೆ, ಮತ್ತೆ ನೀರು. ಇನ್ನೂ ಬಿಗಿ ಮಾಡಿದೆ. ಮೂರನೇ ಸಲ ಮೂಗಿಗೆ ನೀರು ಹೋಗಿ ಕೆಮ್ಮುತ್ತಾ ಎದ್ದವಳು ದಂಡೆ ಮೇಲೆ ಕೂತುಬಿಟ್ಟಳು. ಅಪಾರ್ಟ್‌ಮೆಂಟಿನ ಪೂಲಲ್ಲಿ ಮೀನಿನ ಹಾಗೆ ಈಜೋ ಹುಡುಗಿ. "ಅಪ್ಪಾ, ನಂಗೆ ಇದು ಬರಲ್ಲ ಅನ್ಸುತ್ತೆ" ಅಂದಳು.

ಆ ಮಾತು ನನ್ನನ್ನು ಇಡೀ ರಾತ್ರಿ ಕಾಡಿತು. ನಮಗಾದರೆ ಶೂ ಕಚ್ಚಿದರೆ ಶೂ ಸರಿ ಇಲ್ಲ ಅಂತೀವಿ. ಮಕ್ಕಳು ಹಾಗಲ್ಲ. ಅಪ್ಪ ಇಷ್ಟು ದುಡ್ಡು ಕೊಟ್ಟು ತಂದಿದ್ದು ಸರಿಯೇ ಇರುತ್ತೆ, ನನ್ನಲ್ಲೇ ಏನೋ ಕಮ್ಮಿ ಅಂದ್ಕೊಂಡುಬಿಡ್ತಾರೆ. ಹಾಗಾಗಿ ಆ ಡಬ್ಬವನ್ನು ಒಮ್ಮೆ ಗಂಭೀರವಾಗಿ ವಿಮರ್ಶೆ ಮಾಡಲೇಬೇಕು ಅನ್ನಿಸಿತು. ಸಿನಿಮಾಕ್ಕೆ ಮಾಡ್ತೀವಿ, ಹೋಟೆಲ್ಲಿನ ದೋಸೆಗೆ ಮಾಡ್ತೀವಿ. ಮಗುವಿನ ಉಸಿರಿಗೆ ಸಂಬಂಧಪಟ್ಟಿದ್ದಕ್ಕೆ ಮಾಡದಿದ್ದರೆ ಹೇಗೆ?

ಮೊದಲು ಮಾಸ್ಕು. ಡಬ್ಬದ ಮೇಲೆ ವಯಸ್ಸು ಬರೆದಿದೆ. ಆದರೆ ಮಾಸ್ಕು ಕೂರೋದು ಮುಖದ ಮೇಲೆ, ವಯಸ್ಸಿನ ಮೇಲಲ್ಲ. ಪರೀಕ್ಷೆ ಸುಲಭ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಹಿಡಿದುಕೊಂಡು ಕೈ ಬಿಡಬೇಕು. ಬೀಳದೆ ಅಂಟಿಕೊಂಡರೆ ಅದು ಆ ಮುಖದ್ದು. ಜಾರಿದರೆ ಎಷ್ಟು ಚಂದದ ಬಣ್ಣ ಇದ್ದರೂ ವಾಪಸ್. ನಮ್ಮದನ್ನು ಹೀಗೆ ನೋಡಿದೆ, ಸೀದಾ ಅವಳ ಮಡಿಲಿಗೆ ಬಿತ್ತು. ಪಟ್ಟಿ ಬಿಗಿ ಮಾಡಿದ್ದು ಇನ್ನೊಂದು ತಪ್ಪು. ಅತಿ ಬಿಗಿ ಮಾಡಿದರೆ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತೆ.

ಮಾಸ್ಕಿನ ಮೂಗಿನ ಭಾಗ ಮೆತ್ತಗಿರಬೇಕು, ಮಗುವಿನ ಬೆರಳಿಗೆ ಸಿಗಬೇಕು. ಯಾಕೆ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಕುದುರೆಮುಖದ ದಾರಿಯಲ್ಲಿ ಘಟ್ಟ ಇಳಿದು ಕಾರ್ಕಳ ಮುಟ್ಟೋಷ್ಟರಲ್ಲಿ ಕಿವಿ ಕಟ್ಟುತ್ತಲ್ಲ, ಆ ಇಡೀ ಘಟ್ಟದ ಒತ್ತಡ ನೀರಿನಲ್ಲಿ ಸುಮಾರು ಒಂದು ಮೀಟರ್ ಇಳಿದಷ್ಟು, ಅಷ್ಟೇ. 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತೆ. ಇಳಿಯೋ ದಾರಿಯುದ್ದಕ್ಕೂ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುತ್ತಾ ಇರಬೇಕು. ಈಜೋ ಗಾಗಲ್ಸು ಡೈವಿಂಗಿಗೆ ನಡೆಯದೇ ಇರೋದಕ್ಕೂ ಮೂಗೇ ಕಾರಣ. ಮೂಗು ಒಳಗಿದ್ದರೆ ತಾನೇ ಉಸಿರು ಬಿಟ್ಟು ಗಾಜಿನ ಹಿಂದಿನ ಒತ್ತಡ ಸರಿ ಮಾಡಿಕೊಳ್ಳೋದು? ಇಲ್ಲದಿದ್ದರೆ ಅದು ಕಣ್ಣಿನ ಸುತ್ತ ಹೀರಿಕೊಂಡು ಕೂರುತ್ತೆ.

ಇನ್ನು ವೆಟ್‌ಸೂಟು. ಇದು ನೀರನ್ನು ತಡೆಯೋ ರೇನ್‌ಕೋಟಲ್ಲ. ಬಟ್ಟೆಗೂ ಮೈಗೂ ನಡುವೆ ಚೂರು ನೀರು ನಿಂತು ಮೈಬಿಸಿಗೆ ಬೆಚ್ಚಗಾಗಬೇಕು. ದೊಡ್ಡದಾದರೆ ಕಾಲು ಬಡಿದಾಗಲೆಲ್ಲ ಆ ನೀರು ಹೊರಗೆ, ತಣ್ಣನೆಯದು ಒಳಗೆ. ಮೈಯ ಬಿಸಿಯನ್ನು ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಕದಿಯುತ್ತೆ, ಅದರಲ್ಲೂ ಸಣಕಲು ಮಕ್ಕಳಿಗೆ ನಮಗಿಂತ ಬೇಗ ಚಳಿ. ಅರಬ್ಬಿ ಸಮುದ್ರ ಬೆಚ್ಚಗಿದೆ ಅಂತ ಅಪ್ಪನಿಗೆ ಅನ್ನಿಸೋದು ಅಪ್ಪನ ಹೊಟ್ಟೆಯ ಕೊಬ್ಬಿನ ಅನುಭವ.

ಗಾಳಿ ತುಂಬೋ ಜಾಕೆಟ್ ಇದೆಯಲ್ಲ, ಬಿಸಿಡಿ ಅಂತಾರೆ, ಅದು ದೊಡ್ಡದಾದರೆ ಮಗು ನೀರಿನ ಮೇಲೆ ತೇಲುವಾಗ ಜಾಕೆಟ್ ಮೇಲಕ್ಕೆ ಬಂದು ಕಿವಿ ಮುಚ್ಚುತ್ತೆ, ಮಗು ಕೆಳಗೆ ಜೋತಾಡುತ್ತೆ. ಸೀಸದ ತೂಕದ ಬೆಲ್ಟು ಸೊಂಟವೇ ಇಲ್ಲದ ಮಕ್ಕಳಲ್ಲಿ ಜಾರುತ್ತೆ. ಆಳದಲ್ಲಿ ಅದು ಬಿದ್ದರೆ ಮಗು ಬೆಂಡಿನ ಹಾಗೆ ಮೇಲಕ್ಕೆ ಚಿಮ್ಮುತ್ತೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ. ರೆಗ್ಯುಲೇಟರಿನ ಬಾಯಿಗೆ ಕಚ್ಚೋ ತುಂಡು ದೊಡ್ಡವರದಾದರೆ ಹತ್ತು ನಿಮಿಷಕ್ಕೆ ದವಡೆ ಸೋಲುತ್ತೆ. ಮಕ್ಕಳದು ಬೇರೆಯೇ ಸಿಗುತ್ತೆ, ಬದಲಾಯಿಸೋದು ಎರಡು ನಿಮಿಷದ ಕೆಲಸ. ಸಿಲಿಂಡರಿನದು ಇನ್ನೊಂದು ಕಥೆ. ದೊಡ್ಡವರು ಬಳಸೋ 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ ಸುಮಾರು 14 ಕೆ.ಜಿ. ನಮ್ಮ ಅಂಬಾತೀರ್ಥದ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರಂತೆ. ನನ್ನ ಮಗಳ ತೂಕವೇ 29. ಅವಳಿಗೆ ಬೇಕಿರೋದು ಸಣ್ಣ ಸಿಲಿಂಡರು.

ಹಾಗಾದರೆ ಎಲ್ಲಾ ಕೊಳ್ಳಬೇಕಾ? ಖಂಡಿತ ಬೇಡ. ಕೊಳ್ಳೋದು ಮಾಸ್ಕು ಒಂದೇ, ಅದೂ ಮಗುವನ್ನು ಅಂಗಡಿಗೆ ಕರ್ಕೊಂಡು ಹೋಗಿ. ಉಳಿದಿದ್ದು ಬಾಡಿಗೆ. ಬೆಳೆಯೋ ಮಗುವಿಗೆ ಇದೇ ಸರಿಯಾದ ಜಿಪುಣತನ. ಆದರೆ ಬಾಡಿಗೆಗೆ ಕೊಡೋರನ್ನು ಮುಂಚೆಯೇ ಕೇಳಬೇಕು: ಮಕ್ಕಳ ಅಳತೆಯ ಜಾಕೆಟ್ ಇದೆಯಾ, ಸಣ್ಣ ಸಿಲಿಂಡರ್ ಇದೆಯಾ, ರೆಗ್ಯುಲೇಟರ್ ಸರ್ವಿಸ್ ಆಗಿದ್ದು ಯಾವಾಗ? ನಾನು ಕೇಳಿದೆ. ಆ ಕಡೆಯಿಂದ ಬಂದ ಉತ್ತರ, "ಬನ್ನಿ ಸಾರ್, ಅಡ್ಜಸ್ಟ್ ಮಾಡೋಣ."

ಬಸ್ಸಿನ ಸೀಟಲ್ಲಿ ಅಡ್ಜಸ್ಟ್ ಮಾಡಬಹುದು. ನಾನು ಬುಕಿಂಗ್ ಬಿಟ್ಟೆ. ರಜೆಯೂ ಮುಗಿಯುತ್ತಾ ಬಂದಿತ್ತು. ಮಗಳು ಎರಡು ದಿನ ಮಾತು ಬಿಟ್ಟಳು. ಮಾತಾಡಿಸಿದ್ದು ಚಿಕ್ಕಮಗಳೂರಲ್ಲೂ ಸಿಗದೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಆರನೇ ಸಲಕ್ಕೆ ಅವಳ ಮುಖಕ್ಕೆ ಅಂಟಿಕೊಂಡ ಕಪ್ಪು ಮಾಸ್ಕು. ಗುಲಾಬಿ ಅಲ್ಲ, ಕಾರ್ಟೂನಿಲ್ಲ. ಮುಂದಿನ ವಾರ ಅದೇ ಕೆರೆಗೆ ಇಳಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ದಂಡೆಯಲ್ಲಿ ನಿಂತ ನನಗೇ ಉಸಿರು ಕಟ್ಟಿತು. ಎದ್ದು ಬಂದು ಹೇಳಿದ್ದು ಇಷ್ಟು: "ಅಪ್ಪಾ, ಏಡಿ ಇದೆ! ಅದು ನನ್ನನ್ನ ನೋಡ್ತು!"

ನೇತ್ರಾಣಿಗೆ ಇನ್ನು ಮಳೆ ಕಳೆದ ಮೇಲೆ, ಅವಳ ಅಳತೆಯ ಸಾಮಾನು ಇಟ್ಟಿರೋರು ಸಿಕ್ಕಿದ ಮೇಲೆ. ಘಟ್ಟದವರಿಗೆ ಒಂದು ಮಾತು: ಡೈವ್ ಮುಗಿಸಿ ಅವತ್ತೇ ಗಾಡಿ ಹತ್ತಿಸಬೇಡಿ. ಡೈವ್ ಆದ ಮೇಲೆ 2,000 ಅಡಿಗಿಂತ ಎತ್ತರಕ್ಕೆ ಏರಬೇಕಾದರೆ, ಒಂದು ಡೈವಿಗೆ ಕನಿಷ್ಠ 12 ಗಂಟೆ, ಹೆಚ್ಚಿದ್ದರೆ 18 ಗಂಟೆ ಕಾಯಬೇಕು ಅನ್ನೋದು ವಿಮಾನ ಹತ್ತೋರಿಗೆ ಇರೋ ಸಲಹೆ. ಕಳಸ ಅದಕ್ಕಿಂತ ಎತ್ತರದಲ್ಲಿದೆ, ಮುರುಡೇಶ್ವರದಲ್ಲೇ ರಾತ್ರಿ ಉಳಿಯೋದು ಕ್ಷೇಮ.

12–14ರ ಆ ಸೂಟು ಈಗ ಕಳಸದ ಮನೆಯ ಗೋಡೆಯಲ್ಲಿ ರೇನ್‌ಕೋಟಿನ ಪಕ್ಕ ನೇತಾಡ್ತಿದೆ. ಮೊನ್ನೆ ಅಮ್ಮ ಅದನ್ನು ಮುಟ್ಟಿ ನೋಡಿ, "ಇರಲಿ ಬಿಡು, ಇನ್ನೆರಡು ವರ್ಷಕ್ಕೆ ಸರಿ ಹೋಗುತ್ತೆ" ಅಂದಳು. ಹೋಗಲೂಬಹುದು. ಆದರೆ ನೀರಿಗೆ ಇಳಿಯೋಕೆ ಹೊರಟಿದ್ದು ಹತ್ತು ವರ್ಷದ ಹುಡುಗಿ.